ನೆಲ ತಿದ್ದಿದ ನಕ್ಷೆ

ಒಂದು ಊರನ್ನು ಒಮ್ಮೆ ಅಳೆದರೆ ನಕ್ಷೆ ಸಿಗುತ್ತದೆ. ಭೂಕಂಪದ ಬಳಿಕ ಅದೇ ಊರನ್ನು ಮತ್ತೊಮ್ಮೆ ಅಳೆದರೆ ನೆಲ ಏನು ಮಾಡಿತು ಎಂಬುದು ಸಿಗುತ್ತದೆ. ಕಛ್‌ನ ರಣ್‌ನಿಂದ ಬೆಂಗಳೂರಿನ ಮುಚ್ಚಿಹೋದ ಕೆರೆಗಳವರೆಗೆ ಹರಡಿಕೊಂಡಿರುವ, ಇನ್ನೂರು ವರ್ಷಗಳ ಅಳತೆಯ ಕಥೆ ಇದು.

1819ರ ಜೂನ್ 16, ಮುಸ್ಸಂಜೆ. ಕಛ್‌ನ ಮಹಾ ರಣ್‌ನ ಪಶ್ಚಿಮ ಭಾಗದಲ್ಲಿ, ಸಿಂಧೂ ನದಿಯ ಹಳೆಯ ಕವಲೊಂದರ ದಡದಲ್ಲಿ ಸಿಂದ್ರಿ ಎಂಬ ಪುಟ್ಟ ಕೋಟೆಯಿತ್ತು. ಕಛ್‌ನ ಅರಸರ ಪರವಾಗಿ ಹೋಗಿಬರುವ ಸರಕಿಗೆ ಸುಂಕ ವಸೂಲಿ ಮಾಡುವ ಠಾಣೆ ಅದು. ಅಂದು ನೆಲ ನಡುಗಿದಾಗ ಕೋಟೆ ನಿಂತಿದ್ದ ಬಯಲೇ ತಗ್ಗಿಹೋಯಿತು. ಕಡಲ ಕಡೆಯಿಂದ ನೀರು ನುಗ್ಗಿ ಬಯಲೆಲ್ಲ ಸರೋವರವಾಯಿತು. ಒಳಗಿದ್ದವರು ಬುರುಜು ಹತ್ತಿ ಜೀವ ಉಳಿಸಿಕೊಂಡರು. ಮರುದಿನ ದೋಣಿಯಲ್ಲಿ ಪಾರಾದರು. ಉತ್ತರಕ್ಕೆ ಕಣ್ಣು ಹಾಯಿಸಿದವರಿಗೆ ಕಂಡದ್ದು ಇನ್ನೂ ವಿಚಿತ್ರ. ಅಲ್ಲಿಯವರೆಗೆ ದಿಗಂತದ ತನಕ ಸಪಾಟಾಗಿದ್ದ ಜಾಗದಲ್ಲಿ ಉದ್ದಾನುದ್ದ ದಿಬ್ಬವೊಂದು ಎದ್ದು ನಿಂತಿತ್ತು. 80 ಕಿಲೊಮೀಟರಿಗೂ ಹೆಚ್ಚು ಉದ್ದ, ಕೆಲವೆಡೆ ನಾಲ್ಕು ಮೀಟರಿಗೂ ಮಿಕ್ಕ ಎತ್ತರ. ಮನುಷ್ಯರು ಕಟ್ಟದ ಆ ಒಡ್ಡಿಗೆ ಸುತ್ತಲಿನ ಜನ ಅಲ್ಲಾಹ್ ಬಂಡ್ ಎಂದು ಹೆಸರಿಟ್ಟರು.

ಭುಜ್ ಪಟ್ಟಣದಲ್ಲಿ ಸಾವಿರಾರು ಮನೆಗಳು ಉರುಳಿದವು. ದೂರದ ಅಹಮದಾಬಾದಿನಲ್ಲಿ ಜಾಮಾ ಮಸೀದಿಯ ಮಿನಾರುಗಳು ನೆಲಕ್ಕೆ ಬಿದ್ದವು. ಆದರೆ ಈ ಭೂಕಂಪ ವಿಜ್ಞಾನದ ಪುಸ್ತಕಗಳಿಗೆ ಸೇರಿದ್ದು ಸಾವುನೋವಿನ ಲೆಕ್ಕದಿಂದಲ್ಲ. ಗ್ರಿಂಡ್ಲೆ ಎಂಬ ಸೇನಾಧಿಕಾರಿ 1808ರಲ್ಲಿ ಸಿಂದ್ರಿ ಕೋಟೆಯ ಚಿತ್ರ ಬರೆದಿಟ್ಟಿದ್ದ. ಭೂಕಂಪದ ಎಂಟು ವರ್ಷಗಳ ನಂತರ ಅಲೆಕ್ಸಾಂಡರ್ ಬರ್ನ್ಸ್ ಎಂಬ ಯುವ ಅಧಿಕಾರಿ ಅದೇ ಜಾಗಕ್ಕೆ ಹೋದ. ಕೋಟೆಯ ಒಂದು ಬುರುಜು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ, 1826ರಲ್ಲಿ, ಸಿಂಧೂವಿನ ಪ್ರವಾಹ ದಿಬ್ಬವನ್ನು ಕೊರೆದುಕೊಂಡು ದಕ್ಷಿಣಕ್ಕೆ ಹರಿದಿತ್ತು. ಬರ್ನ್ಸ್ ಇದನ್ನೆಲ್ಲ ನಕ್ಷೆಗೆ ಇಳಿಸಿದ. ಆ ಚಿತ್ರ, ಆ ನಕ್ಷೆ ಎರಡೂ ಲಂಡನ್ನಿನಲ್ಲಿದ್ದ ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಕೈಸೇರಿದವು. ಬೆಟ್ಟ ಏಳುವುದು, ನೆಲ ಮುಳುಗುವುದು ಯಾವುದೋ ಪುರಾತನ ಕಾಲದಲ್ಲಿ ಮುಗಿದುಹೋದ ವಿದ್ಯಮಾನವಲ್ಲ, ಈಗಲೂ ನಡೆಯುತ್ತಿದೆ ಎಂದು ವಾದಿಸುತ್ತಿದ್ದ ಲಯಲ್‌ಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂದು ತೋರಿಸಲು ಎರಡು ದಾಖಲೆಗಳಿದ್ದವು ಎಂಬುದೇ ಸಿಂದ್ರಿಯ ಮಹತ್ವ. ಅದಕ್ಕೂ ಮುಂಚೆ ಭಾರತದಲ್ಲಿ ಇದಕ್ಕಿಂತ ದೊಡ್ಡ ಭೂಕಂಪಗಳು ಆಗಿರಬಹುದು; ಆದರೆ ಮೊದಲಿನ ಚಿತ್ರ ಯಾರ ಬಳಿಯೂ ಇಲ್ಲದಿದ್ದರೆ, ಎದ್ದುನಿಂತ ದಿಬ್ಬ ಒಂದು ತಲೆಮಾರು ಕಳೆಯುವಷ್ಟರಲ್ಲಿ ಊರಿನವರ ಪಾಲಿಗೆ ಯಾವತ್ತೂ ಅಲ್ಲೇ ಇದ್ದ ಗುಡ್ಡವಾಗಿಬಿಡುತ್ತದೆ.

ಚೀನಾ ಚಕ್ರವರ್ತಿಗೆ ಒಯ್ದ ಸರಪಳಿ

ಮೊದಲಿನ ಅಳತೆಯನ್ನು ಇಡೀ ದೇಶಕ್ಕೆ ಮಾಡಿಟ್ಟ ಕೆಲಸ ಶುರುವಾದದ್ದು ನಮ್ಮ ನೆಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಗೆ ಯುದ್ಧಕ್ಕಿಂತ ಜ್ಯಾಮಿತಿಯ ಹುಚ್ಚು ಹೆಚ್ಚು. ಟಿಪ್ಪು ಪತನದ ಮರುವರ್ಷವೇ, 1800ರ ಕೊನೆಯ ತಿಂಗಳುಗಳಲ್ಲಿ, ಆತ ಬೆಂಗಳೂರಿನ ಹೊರವಲಯದಲ್ಲಿ ಅಗರಂ ಮತ್ತು ಬಾಣಸವಾಡಿ ನಡುವೆ ಏಳು ಮೈಲಿಗೂ ಉದ್ದದ ನೇರ ಗೆರೆಯೊಂದನ್ನು ಅಳೆದ. ಅಳತೆಗೆ ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಅದರ ಹಿನ್ನೆಲೆ ಸ್ವಾರಸ್ಯದ್ದು. ಲಾರ್ಡ್ ಮೆಕಾರ್ಟ್ನಿಯ ರಾಯಭಾರ ತಂಡ 1793ರಲ್ಲಿ ಚೀನಾದ ಚಕ್ರವರ್ತಿಗೆ ಒಪ್ಪಿಸಲು ಒಯ್ದಿದ್ದ ಉಪಕರಣಗಳಲ್ಲಿ ಅದೂ ಒಂದು. ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ ಕೈಸೇರಿತು.

ಸರಪಳಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವಂತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ದೋಣಿಗಳನ್ನು ಸಾಲಾಗಿ ಮಟ್ಟಸವಾಗಿ ಇಟ್ಟು, ಅದರೊಳಗೆ ಸರಪಳಿ ಚಾಚಬೇಕು. ಬಿಸಿಲಿಗೆ ಉಕ್ಕು ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ಕೆಡುತ್ತದೆಂದು ಪಕ್ಕದಲ್ಲೇ ಉಷ್ಣಮಾಪಕ ಇಟ್ಟು ಓದಬೇಕು. ನೂರು ಅಡಿ ಮುಗಿದ ಮೇಲೆ ಎಲ್ಲವನ್ನೂ ಎತ್ತಿ ಮುಂದಿನ ನೂರು ಅಡಿಗೆ ಹೂಡಬೇಕು. ಹೀಗೆ ಏಳು ಮೈಲಿ. ಎರಡು ವರ್ಷಗಳ ನಂತರ, 1802ರ ಏಪ್ರಿಲ್‌ನಲ್ಲಿ, ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರ ರೇಖೆ ಅಳೆದು ಆತ ಆರಂಭಿಸಿದ ಕೆಲಸವೇ ಮಹಾ ತ್ರಿಕೋನಮಿತಿ ಸಮೀಕ್ಷೆ. ಬೆಟ್ಟದ ತುದಿಯಿಂದ ತುದಿಗೆ, ದೇಗುಲದ ಗೋಪುರದಿಂದ ಗೋಪುರಕ್ಕೆ ತ್ರಿಕೋನ ಕಟ್ಟುತ್ತ ಅದು ಹಿಮಾಲಯದವರೆಗೆ ಸಾಗಿತು. ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಹಗ್ಗ ಕಟ್ಟಿ ಮೇಲೇರಿಸುತ್ತಿದ್ದರು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇಗುಲದಲ್ಲಿ ಹಗ್ಗ ಜಾರಿ ಯಂತ್ರ ಗೋಡೆಗೆ ಅಪ್ಪಳಿಸಿ ಡೊಂಕಾದಾಗ, ಲ್ಯಾಂಬ್ಟನ್ ಅದನ್ನು ತಾನೇ ವಾರಗಟ್ಟಲೆ ಕೂತು ಸರಿಪಡಿಸಿದ.

ಇದೆಲ್ಲ ಕಂದಾಯ, ಸೈನ್ಯ, ಸಾಮ್ರಾಜ್ಯದ ಅಗತ್ಯಕ್ಕೆ ನಡೆದ ಕೆಲಸ. ಭೂಕಂಪದ ಯೋಚನೆ ಯಾರಿಗೂ ಇರಲಿಲ್ಲ. ಆದರೂ ಅದರ ಫಲ ಸಿಕ್ಕಿದ್ದು ಭೂಕಂಪ ವಿಜ್ಞಾನಕ್ಕೆ.

1897ರ ಜೂನ್ 12ರ ಸಂಜೆ ಐದೂಕಾಲರ ಹೊತ್ತಿಗೆ ಅಸ್ಸಾಂ ನಡುಗಿತು. ಶಿಲ್ಲಾಂಗಿನಲ್ಲಿ ಕಲ್ಲಿನ ಕಟ್ಟಡವೊಂದೂ ಉಳಿಯಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ರಿಚರ್ಡ್ ಡಿಕ್ಸನ್ ಓಲ್ಡಂ ಊರೂರು ಸುತ್ತಿ ಬರೆದ ವರದಿಯನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ನೆಲದಲ್ಲಿ ಹುದುಗಿದ್ದ ಬಂಡೆಗಳು ತಾವಿದ್ದ ಗುಳಿಯ ಅಂಚನ್ನೂ ತಾಕದೆ ಮೇಲೆ ಚಿಮ್ಮಿ ಬಿದ್ದದ್ದನ್ನು ಆತ ದಾಖಲಿಸಿದ. ಗುರುತ್ವವನ್ನೂ ಮೀರಿದ ರಭಸದಲ್ಲಿ ನೆಲ ಎದ್ದಿತ್ತು ಎಂಬುದಕ್ಕೆ ಅದೇ ಪುರಾವೆ. ಆಗ ಸರ್ವೆ ಇಲಾಖೆಯವರು ಖಾಸಿ ಬೆಟ್ಟಗಳಲ್ಲಿ ಹಿಂದೆ ಗುರುತು ಮಾಡಿದ್ದ ಕೆಲವು ತ್ರಿಕೋನ ಬಿಂದುಗಳನ್ನು ಮತ್ತೆ ಅಳೆದರು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಬೆಟ್ಟಗಳ ನಡುವಿನ ದೂರ, ಎತ್ತರ ಎರಡೂ ಬದಲಾಗಿದ್ದವು.

ಆ ಅಂಕಿಗಳು ನೂರು ವರ್ಷ ಕಡತದಲ್ಲೇ ಕಾದವು. 2001ರಲ್ಲಿ ರೋಜರ್ ಬಿಲ್ಹಮ್ ಮತ್ತು ಫಿಲಿಪ್ ಇಂಗ್ಲೆಂಡ್ ಅವನ್ನು ಹೊರತೆಗೆದು ಹೊಸದಾಗಿ ಲೆಕ್ಕ ಹಾಕಿದಾಗ, ಶಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರದ ಅಂಚಿನಲ್ಲಿ ಯಾರ ಕಣ್ಣಿಗೂ ಬಿದ್ದಿರದ, ನೆಲದಡಿ ಹೂತುಹೋದ ಸುಮಾರು 110 ಕಿಲೊಮೀಟರ್ ಉದ್ದದ ಸ್ತರಭಂಗ ಪತ್ತೆಯಾಯಿತು. 1897ರಲ್ಲಿ ಅದರ ಗುಂಟ ಬಂಡೆ ಸುಮಾರು 16 ಮೀಟರ್ ಜಾರಿತ್ತು. ಪ್ರಸ್ಥಭೂಮಿಯ ಅಂಚು ಕನಿಷ್ಠ 11 ಮೀಟರ್ ಮೇಲೆದ್ದಿತ್ತು. ಅದಕ್ಕೆ ಓಲ್ಡಂ ಹೆಸರನ್ನೇ ಇಟ್ಟರು. ಮೋಜಣಿದಾರರು ಬರೆದಿಟ್ಟ ಒಣ ಅಂಕಿಗಳನ್ನು ಶತಮಾನದ ನಂತರ ಓದಿ, ಭೂಕಂಪದ ಬುಡ ಹಿಡಿದ ಈ ಕೆಲಸ ನನ್ನ ಮಟ್ಟಿಗೆ ಭಾರತೀಯ ವಿಜ್ಞಾನದ ಅತ್ಯಂತ ಸುಂದರ ಅಧ್ಯಾಯಗಳಲ್ಲಿ ಒಂದು.

ಇದೇ ಬಗೆಯ ಎರಡನೆಯ ಅಳತೆ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ ಯಾಕಾಗುತ್ತದೆ ಎಂಬ ಪ್ರಶ್ನೆಗೇ ಉತ್ತರ ಕೊಟ್ಟಿತು. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಾಶವಾದಾಗ, ಅಲ್ಲಿ ಅದಾಗಲೇ ಎರಡು ಸಲ ತ್ರಿಕೋನ ಅಳತೆ ನಡೆದಿತ್ತು. ಮೂರನೆಯದನ್ನು ಭೂಕಂಪದ ನಂತರ ಮಾಡಿದರು. ಹ್ಯಾರಿ ಫೀಲ್ಡಿಂಗ್ ರೀಡ್ ಮೂರನ್ನೂ ಹೋಲಿಸಿ ನೋಡಿದ. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಎರಡೂ ಬದಿಯ ನೆಲ ಭೂಕಂಪಕ್ಕೆ ದಶಕಗಳ ಮುಂಚಿನಿಂದಲೇ ವಿರುದ್ಧ ದಿಕ್ಕಿಗೆ ನಿಧಾನವಾಗಿ ಸರಿಯುತ್ತಿತ್ತು. ನಡುವಿನ ಬಿರುಕು ಮಾತ್ರ ಕಚ್ಚಿಕೊಂಡಿತ್ತು. ಬಗ್ಗಿಸಿದ ಬಿದಿರಿನ ಕಡ್ಡಿ ಒಂದು ಹಂತದಲ್ಲಿ ಲಟ್ಟನೆ ಮುರಿದು ಎರಡು ತುಂಡೂ ನೆಟ್ಟಗಾಗುವಂತೆ ಆ ದಿನ ಬೆಳಗಿನ ಜಾವ ನೆಲ ಕಳಚಿಕೊಂಡಿತ್ತು. 1910ರಲ್ಲಿ ಆತ ಮಂಡಿಸಿದ ಈ ಸಿದ್ಧಾಂತವೇ ಇಂದಿಗೂ ಭೂಕಂಪ ವಿಜ್ಞಾನದ ಅಡಿಪಾಯ.

ಹೀಗಿರುವಾಗ ಬೆಂಗಳೂರಿನಲ್ಲಿ ಉಳಿದಿದ್ದ ಸಮೀಕ್ಷೆಯ ಕುರುಹುಗಳ ಗತಿ ನೋಡಿ. ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ, ಲ್ಯಾಂಬ್ಟನ್ ನಂತರ ಅಳೆದ ಬೇರೊಂದು ಆಧಾರ ರೇಖೆಯ ಒಂದು ತುದಿಯನ್ನು ಗುರುತಿಸುತ್ತಿದ್ದ ವೀಕ್ಷಣಾ ಗೋಪುರವಿತ್ತು. ಅದನ್ನು ಇತ್ತೀಚಿನ ವರ್ಷಗಳಲ್ಲಿ ಕೆಡವಿಹಾಕಲಾಯಿತು. ಇನ್ನೊಂದು ತುದಿಯದು ಮೇಖ್ರಿ ವೃತ್ತದ ಬಳಿ ಇದೆ. ದಿನಕ್ಕೆ ಲಕ್ಷಾಂತರ ವಾಹನಗಳು ಓಡಾಡುವ ಆ ಜಾಗದಲ್ಲಿ ಅದು ಏನೆಂದು ತಿಳಿದವರು ಕಡಿಮೆ. ಹಳೆಯ ದೇವಸ್ಥಾನ ಕೆಡವಿದ್ದರೆ ಊರು ಎದ್ದು ಕೂರುತ್ತಿತ್ತು. ಅಳತೆಯ ಕಲ್ಲಿಗೆ ಆ ಭಾಗ್ಯವಿಲ್ಲ.

ಮೇಜಿನ ಮೇಲೆ ಸಿಕ್ಕ ಕಣಿವೆ

ನಕ್ಷೆ ಮತ್ತು ಭೂಕಂಪದ ಅತ್ಯಂತ ಫಲವತ್ತಾದ ಭೇಟಿ ನಡೆದದ್ದು ನ್ಯೂಯಾರ್ಕ್ ಬಳಿಯ ಲ್ಯಾಮಾಂಟ್ ಪ್ರಯೋಗಾಲಯದ ಎರಡು ಅಕ್ಕಪಕ್ಕದ ಮೇಜುಗಳ ನಡುವೆ. 1952ರ ಸುಮಾರಿಗೆ ಮೇರಿ ಥಾರ್ಪ್ ಎಂಬ ಭೂವಿಜ್ಞಾನಿ ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಬಿಡಿಸುತ್ತಿದ್ದಳು. ಸಂಶೋಧನಾ ಹಡಗು ಹತ್ತಲು ಆಗ ಹೆಣ್ಣುಮಕ್ಕಳಿಗೆ ಅವಕಾಶವಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜೆನ್ ಮತ್ತು ಇತರರು ಸಮುದ್ರದಿಂದ ತಂದ ಆಳದ ಅಳತೆಗಳನ್ನು ಆಕೆ ದಡದಲ್ಲಿ ಕೂತು, ಬಿಂದುವಿಗೆ ಬಿಂದು ಸೇರಿಸಿ ಕಾಗದಕ್ಕೆ ಇಳಿಸುತ್ತಿದ್ದಳು. ಸಾಗರದ ನಡುಮಧ್ಯದ ಪರ್ವತಸಾಲಿನ ನೆತ್ತಿಯಲ್ಲಿ, ಪ್ರತಿಯೊಂದು ಅಡ್ಡಗೆರೆಯಲ್ಲೂ, ಒಂದೇ ಜಾಗದಲ್ಲಿ ಆಳವಾದ ಸೀಳು ಕಂಡಿತು. ಇಲ್ಲಿ ಸಾಗರತಳ ಸೀಳಿಕೊಂಡು ದೂರ ಸರಿಯುತ್ತಿದೆ ಎಂದು ಆಕೆ ಹೇಳಿದಾಗ, ಹೀಜೆನ್ ಅದನ್ನು ಹುಡುಗಿಯರ ಹರಟೆ ಎಂದು ತಳ್ಳಿಹಾಕಿದ. ಖಂಡಗಳು ಸರಿಯುತ್ತವೆ ಎನ್ನುವುದು ಆಗ ಮರ್ಯಾದಸ್ಥ ವಿಜ್ಞಾನಿಗಳು ಆಡುವ ಮಾತಾಗಿರಲಿಲ್ಲ.

ಪಕ್ಕದ ಮೇಜಿನಲ್ಲಿ ಹೊವಾರ್ಡ್ ಫಾಸ್ಟರ್ ಎಂಬಾತ ಇನ್ನೊಂದು ಕೆಲಸ ಮಾಡುತ್ತಿದ್ದ. ಅಟ್ಲಾಂಟಿಕ್‌ನಲ್ಲಿ ದೂರವಾಣಿ ಕೇಬಲ್ ಹಾಕಬೇಕೆಂದಿದ್ದ ಬೆಲ್ ಲ್ಯಾಬ್ಸ್‌ಗೆ ಎಲ್ಲೆಲ್ಲಿ ಭೂಕಂಪವಾಗುತ್ತದೆ ಎಂಬ ಮಾಹಿತಿ ಬೇಕಿತ್ತು. ಅದಕ್ಕಾಗಿ ಸಾವಿರಾರು ಭೂಕಂಪಗಳ ಕೇಂದ್ರಗಳನ್ನು ಆತ ಚುಕ್ಕಿ ಚುಕ್ಕಿಯಾಗಿ ಗುರುತಿಸುತ್ತಿದ್ದ. ಇಬ್ಬರ ನಕ್ಷೆಗಳೂ ಒಂದೇ ಅಳತೆಯ ಪ್ರಮಾಣದಲ್ಲಿದ್ದವು. ಕೆಳಗೆ ದೀಪವಿದ್ದ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದಾಗ, ಫಾಸ್ಟರ್‌ನ ಚುಕ್ಕಿಗಳು ಥಾರ್ಪ್ ಗುರುತಿಸಿದ್ದ ಸೀಳಿನೊಳಗೇ ಸಾಲಾಗಿ ಕೂತವು. ಹೀಜೆನ್‌ಗೆ ಒಪ್ಪದೆ ದಾರಿ ಉಳಿಯಲಿಲ್ಲ. ಆಳದ ಅಳತೆ ಇಲ್ಲದ ಸಮುದ್ರಗಳಲ್ಲೂ ಭೂಕಂಪದ ಚುಕ್ಕಿಗಳ ಸಾಲು ಹಿಡಿದು ಹೋದರೆ ಅದೇ ಕಣಿವೆ ಮುಂದುವರಿಯುತ್ತದೆ ಎಂಬುದು ತಿಳಿಯಿತು. ಇಡೀ ಭೂಮಿಯನ್ನು ಸುತ್ತುವ ಪರ್ವತಸಾಲು ಹೀಗೆ ನಕ್ಷೆಯ ಮೇಲೆ ಮೂಡಿತು. ಕಾಣದ ನೆಲಕ್ಕೆ ಭೂಕಂಪವೇ ಮೋಜಣಿ ಮಾಡಿಕೊಟ್ಟಿತ್ತು.

ಮುಂದಿನ ಹೆಜ್ಜೆ ಇಟ್ಟದ್ದು ಅಣುಬಾಂಬಿನ ಭಯ. ನೆಲದಡಿ ಯಾರು ಬಾಂಬು ಸಿಡಿಸಿದರೂ ತಿಳಿಯಬೇಕೆಂದು 1960ರ ದಶಕದಲ್ಲಿ ಜಗತ್ತಿನಾದ್ಯಂತ ಕಂಪನಮಾಪಕಗಳ ಜಾಲ ಹಬ್ಬಿತು. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಕಾರದಲ್ಲಿ ಶುರುವಾದ ಕಂಪನ ವೀಕ್ಷಣಾಲಯ ಆ ಕಾಲದ್ದೇ. ಗಟ್ಟಿ ಬಂಡೆಯ ಮೇಲೆ, ಗದ್ದಲದಿಂದ ದೂರ, ಎರಡು ತೋಳು ಚಾಚಿ ನಿಂತ ಅದರ ಮಾಪಕಗಳು ಸಾವಿರಾರು ಕಿಲೊಮೀಟರ್ ಆಚೆಯ ಸ್ಫೋಟವನ್ನೂ ಕೇಳಿಸಿಕೊಳ್ಳಬಲ್ಲವು. ಬಾಂಬಿಗಾಗಿ ಇಟ್ಟ ಮಾಪಕಗಳು ಭೂಕಂಪವನ್ನೂ ನಿಖರವಾಗಿ ಹಿಡಿದವು. 1969ರಲ್ಲಿ ಬರಾಜಂಗಿ ಮತ್ತು ಡಾರ್ಮನ್ ಎಂಬಿಬ್ಬರು ಏಳು ವರ್ಷಗಳ ಭೂಕಂಪಗಳನ್ನು ವಿಶ್ವದ ಭೂಪಟದ ಮೇಲೆ ಚುಕ್ಕಿಯಿಟ್ಟು ಪ್ರಕಟಿಸಿದರು. ಭೂಮಿಯ ಹೊರಪದರದ ಸರಿಯುವ ತುಂಡುಗಳಾದ ಭೂಫಲಕಗಳ ಗಡಿ ಯಾವುದೆಂದು ಯಾರೂ ಬೆರಳು ಮಾಡಿ ತೋರಿಸಬೇಕಾಗಿರಲಿಲ್ಲ. ಚುಕ್ಕಿಗಳೇ ಗೆರೆ ಎಳೆದಿದ್ದವು.

ಬಣ್ಣದ ವಲಯಗಳು

ಶಾಲೆಯ ಪುಸ್ತಕದಲ್ಲಿ, ಪತ್ರಿಕೆಯಲ್ಲಿ ನಾವು ಹೆಚ್ಚಾಗಿ ನೋಡುವ ಭೂಕಂಪ ನಕ್ಷೆ ಇದಲ್ಲ. ಅದು ಬಣ್ಣದ್ದು. ಹಿಮಾಲಯ, ಈಶಾನ್ಯ, ಕಛ್ ಕೆಂಪಗೆ, ದಖ್ಖನ್ ತಣ್ಣಗೆ. ಈ ನಕ್ಷೆಯ ಮಾತನ್ನು ಸ್ವಲ್ಪ ನಿಂತು ಆಡಬೇಕು, ಯಾಕೆಂದರೆ ಜನ ಇದನ್ನೇ ನಂಬಿ ನೆಮ್ಮದಿಯಾಗಿದ್ದಾರೆ.

ಈ ಬಗೆಯ ನಕ್ಷೆಯ ಮೂಲ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾಲೆಟ್‌ನಲ್ಲಿದೆ. ಇಟಲಿಯ ನೇಪಲ್ಸ್ ಸೀಮೆಯಲ್ಲಿ 1857ರ ಡಿಸೆಂಬರಿನಲ್ಲಿ ಭೂಕಂಪವಾದಾಗ ಆತ ಅಲ್ಲಿಗೆ ಹೋಗಿ, ಗೋಡೆಗಳ ಬಿರುಕು ಯಾವ ದಿಕ್ಕಿಗಿದೆ, ಯಾವ ಊರಿನಲ್ಲಿ ಎಷ್ಟು ಮನೆ ಬಿದ್ದಿದೆ ಎಂದು ಬರೆದುಕೊಂಡು, ಒಂದೇ ಮಟ್ಟದ ಹಾನಿಯಾದ ಊರುಗಳನ್ನೆಲ್ಲ ಸುತ್ತುಗೆರೆಯಿಂದ ಸೇರಿಸಿದ. ಒಂದರೊಳಗೊಂದು ಬಳೆಗಳಂತೆ ಕೂತ ಆ ಗೆರೆಗಳ ನಡುವೆ ಎಲ್ಲೋ ಭೂಕಂಪದ ಮೂಲವಿದೆ ಎಂಬ ತರ್ಕ. ಜಗತ್ತಿನ ಮೊದಲ ಭೂಕಂಪ ಭೂಪಟಗಳಲ್ಲೊಂದನ್ನೂ ಆತನೇ ಮಾಡಿದ. ಅದಕ್ಕಾಗಿ ಹಳೆಯ ಗ್ರಂಥ, ಚರ್ಚಿನ ದಾಖಲೆ, ಪತ್ರಗಳಿಂದ 6,800ಕ್ಕೂ ಹೆಚ್ಚು ಭೂಕಂಪಗಳ ಪಟ್ಟಿ ಕಲೆಹಾಕಿದ್ದ. ಆ ಪಟ್ಟಿಯಲ್ಲೇ ಸಮಸ್ಯೆಯೂ ಇದೆ. ಬರೆಯುವವರು ಇದ್ದ ಕಡೆಯ ಭೂಕಂಪ ಪಟ್ಟಿಗೆ ಸೇರಿತು. ಕಾಡಿನಲ್ಲಿ, ಮರುಭೂಮಿಯಲ್ಲಿ, ಅಕ್ಷರ ಬಲ್ಲವರಿಲ್ಲದ ಹಳ್ಳಿಯಲ್ಲಿ ಆದದ್ದು ಸೇರಲಿಲ್ಲ. ನಕ್ಷೆಯ ಮೇಲೆ ಅಂಥ ಜಾಗ ಶಾಂತವಾಗಿ ಕಂಡಿತು.

ಭಾರತದಲ್ಲೂ ಅದೇ ಆಯಿತು. 1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪದ ಮರುವರ್ಷ ಭೂವೈಜ್ಞಾನಿಕ ಸರ್ವೇಕ್ಷಣಾಲಯ ದೇಶದ ಮೊದಲ ಭೂಕಂಪ ನಕ್ಷೆ ಸಿದ್ಧಪಡಿಸಿತು. 1962ರಲ್ಲಿ ಕಟ್ಟಡ ವಿನ್ಯಾಸದ ಮಾನಕ ಸಂಹಿತೆಯ ಭಾಗವಾಗಿ ವಲಯಗಳ ನಕ್ಷೆ ಬಂತು; ವಲಯದ ಅಂಕಿ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹಿಂದೆ ಎಲ್ಲಿ ಎಷ್ಟು ಅಲುಗಾಡಿದೆ ಎಂಬ ನೆನಪೇ ಅದರ ಮುಖ್ಯ ಆಧಾರ. ದಖ್ಖನ್ ಪ್ರಸ್ಥಭೂಮಿ ಪುರಾತನ ಗಟ್ಟಿ ಬಂಡೆಯದ್ದು, ಅದಕ್ಕೇನೂ ಆಗುವುದಿಲ್ಲ ಎಂಬ ನಂಬಿಕೆ ಆಳವಾಗಿತ್ತು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಭೂಕಂಪವಾಗಿ ಸುಮಾರು 180 ಜನ ಸತ್ತರು. 1970ರಲ್ಲಿ ನಕ್ಷೆಗೆ ತಿದ್ದುಪಡಿಯಾಗಿ ಕೊಯ್ನಾ ವಲಯ 4ಕ್ಕೆ ಏರಿತು. ಅದರ ಸುತ್ತಲಿನ ದಖ್ಖನ್ ಮಾತ್ರ ತನ್ನ ತಣ್ಣನೆಯ ಬಣ್ಣದಲ್ಲೇ ಉಳಿಯಿತು.

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲಿನ ಹಳ್ಳಿಗಳಲ್ಲಿ ಜನ ಗಣಪತಿ ಬಿಟ್ಟು ಬಂದು ತಡರಾತ್ರಿ ಮಲಗಿದ್ದರು. 6.2 ಪ್ರಮಾಣದ ಭೂಕಂಪ. ಜಪಾನಿನಲ್ಲಾದರೆ ಬೆಳಗಿನ ಸುದ್ದಿಯಲ್ಲಿ ಬಂದು ಮರೆತುಹೋಗಬಹುದಾದ ಗಾತ್ರದ್ದು. ಇಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜೀವ ಹೋಯಿತು. ಆಳಂದ, ಬಸವಕಲ್ಯಾಣದ ಕಡೆಯವರಿಗೆ ಆ ಮನೆಗಳ ರೀತಿ ಹೇಳಿಕೊಡಬೇಕಿಲ್ಲ: ದಪ್ಪನೆಯ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಬರೀ ಮಣ್ಣು, ಮಾಳಿಗೆಯ ಮೇಲೆ ವರ್ಷವರ್ಷವೂ ಹಾಕಿದ ಮಣ್ಣಿನ ಹೊರೆ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಮಣ್ಣು ಮಲಗಿದವರ ಮೇಲೆ ಬಿತ್ತು. ಕಲಬುರಗಿ, ಬೀದರ್ ಸೀಮೆಯ ಜನರೂ ನಿದ್ದೆಯಿಂದೆದ್ದು ಬೀದಿಗೆ ಓಡಿದರು.

ಕಿಲ್ಲಾರಿ ಆಗ ನಕ್ಷೆಯಲ್ಲಿ ವಲಯ 1ರಲ್ಲಿತ್ತು. ದೇಶದಲ್ಲೇ ಅತ್ಯಂತ ಸುರಕ್ಷಿತ ಎಂದು ಗುರುತಾದ ಬಣ್ಣ. ಹಿಂದಿನ ವರ್ಷ, 1992ರಲ್ಲಿ, ಅಲ್ಲಿ ಪದೇಪದೇ ಸಣ್ಣ ಕಂಪನಗಳಾಗಿ ಜನ ಹೆದರಿದ್ದರು. ನೆಲ ಹೇಳುತ್ತಿದ್ದುದೇ ಬೇರೆ, ನಕ್ಷೆ ಹೇಳುತ್ತಿದ್ದುದೇ ಬೇರೆ. 2002ರ ಪರಿಷ್ಕರಣೆಯಲ್ಲಿ ವಲಯ 1 ಎಂಬುದನ್ನೇ ತೆಗೆದುಹಾಕಿ, ಅದನ್ನು ವಲಯ 2ರಲ್ಲಿ ವಿಲೀನ ಮಾಡಿದರು. ಕಿಲ್ಲಾರಿ ಪ್ರದೇಶ ವಲಯ 3 ಆಯಿತು. ಸತ್ತವರ ಲೆಕ್ಕ ಸಿಕ್ಕ ಮೇಲೆ ಬಣ್ಣ ಬದಲಾಯಿತು ಎಂಬುದು ಕಹಿಯಾದ ಸತ್ಯ. ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಜಪಾನಿನಲ್ಲಿ 2011ರ ಮಹಾ ಭೂಕಂಪದ ಬೆನ್ನಿಗೇ ಭೂಕಂಪ ವಿಜ್ಞಾನಿ ರಾಬರ್ಟ್ ಗೆಲ್ಲರ್, 1979ರಿಂದೀಚೆಗೆ ಅಲ್ಲಿ ಜೀವಹಾನಿ ಮಾಡಿದ ದೊಡ್ಡ ಭೂಕಂಪಗಳೆಲ್ಲ ಸರ್ಕಾರಿ ನಕ್ಷೆ ಕಡಿಮೆ ಅಪಾಯದ್ದೆಂದು ತೋರಿಸಿದ್ದ ಕಡೆಯೇ ಆಗಿವೆ ಎಂದು ಬರೆದ. ಜಗತ್ತಿನಲ್ಲೇ ಅತಿ ಹೆಚ್ಚು ಮಾಪಕಗಳಿರುವ ದೇಶದ ಸ್ಥಿತಿ ಅದು.

ನಕ್ಷೆ ಬೇಡವೆಂದಲ್ಲ. ಅದನ್ನು ಓದುವ ರೀತಿ ಬದಲಾಗಬೇಕು. ಕೆಂಪು ಬಣ್ಣ ಹೇಳುವುದನ್ನು ಪೂರ್ತಿ ನಂಬಬಹುದು. ಅಲ್ಲಿ ಆಗಿದೆ, ಮತ್ತೆ ಆಗುತ್ತದೆ. ತಣ್ಣನೆಯ ಬಣ್ಣ ಹೇಳುವುದರಲ್ಲಿ ಅರ್ಧ ನೆಲದ ಮಾತು, ಇನ್ನರ್ಧ ನಮ್ಮ ದಾಖಲೆಗಳ ಮೌನ. ಆ ಮೌನವನ್ನು ತುಂಬಲು ಕೆಲವರು ಗುದ್ದಲಿ ಹಿಡಿದಿದ್ದಾರೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಕುಶಲಾ ರಾಜೇಂದ್ರನ್ ಮತ್ತು ಸಿ. ಪಿ. ರಾಜೇಂದ್ರನ್ ಕಛ್‌ನ ರಣ್‌ನಲ್ಲಿ ಹಳೆಯ ಭೂಕಂಪಗಳು ಬಿಟ್ಟುಹೋದ ಕುರುಹು ಹುಡುಕಿದರು. ನೆಲ ಜೋರಾಗಿ ಕುಲುಕಿದಾಗ ಕೆಳಗಿನ ಒದ್ದೆ ಮರಳು ಮೇಲಿನ ಜೇಡಿಯನ್ನು ಸೀಳಿಕೊಂಡು ಉಕ್ಕುತ್ತದೆ. ಆ ಮರಳಿನ ಗೆರೆ ಶತಮಾನಗಳ ಕಾಲ ಅಳಿಯುವುದಿಲ್ಲ. 1819ಕ್ಕಿಂತ ಎಂಟು ನೂರರಿಂದ ಸಾವಿರ ವರ್ಷ ಹಿಂದೆ ಅಲ್ಲಿ ಇನ್ನೊಂದು ದೊಡ್ಡ ಭೂಕಂಪ ಆಗಿತ್ತೆಂಬ ಸುಳಿವು ಅವರಿಗೆ ಸಿಕ್ಕಿತು. ಯಾರೂ ಬರೆಯದಿದ್ದರೂ ಮಣ್ಣು ಬರೆದಿಟ್ಟಿತ್ತು.

ಕೆರೆಯ ಮೇಲೆ ನಿಂತ ಊರು

ವಲಯದ ನಕ್ಷೆಗೆ ಇನ್ನೊಂದು ಮಿತಿಯಿದೆ. ಅದು ತುಂಬಾ ದೊಡ್ಡದು. ಭೂಕಂಪ ಜಿಲ್ಲೆ ನೋಡಿ ಬಡಿಯುವುದಿಲ್ಲ, ಬೀದಿ ನೋಡಿ ಬಡಿಯುತ್ತದೆ. 1934ರಲ್ಲಿ ಬಿಹಾರದ ಬಯಲಿನಲ್ಲಿ ಸುಮಾರು 300 ಕಿಲೊಮೀಟರ್ ಉದ್ದಕ್ಕೆ ಮನೆಗಳು ಮಣ್ಣಿನಲ್ಲಿ ಹೂತು ವಾಲಿಕೊಂಡಿದ್ದವು. ಹಾನಿ ಅಲ್ಲೇ ಹೆಚ್ಚಾದ್ದರಿಂದ ಕೇಂದ್ರವೂ ಅಲ್ಲೇ ಎಂದು ದಶಕಗಳ ಕಾಲ ನಂಬಿದ್ದರು. ನಿಜವಾದ ಕೇಂದ್ರ ಪೂರ್ವ ನೇಪಾಳದ ಬೆಟ್ಟಗಳಲ್ಲಿತ್ತು. ಹಾನಿಯ ನಕ್ಷೆ ತೋರಿಸಿದ್ದು ಭೂಕಂಪದ ಮೂಲವನ್ನಲ್ಲ, ನೀರು ತುಂಬಿದ ಮೆತ್ತನೆಯ ಮೆಕ್ಕಲು ಮಣ್ಣನ್ನು. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರದಲ್ಲಿ ಸಾವಿರಾರು ಜನ ಸತ್ತಾಗ ಕೇಂದ್ರ ಇದ್ದದ್ದು 350 ಕಿಲೊಮೀಟರಿಗೂ ದೂರದ ಪೆಸಿಫಿಕ್ ಕರಾವಳಿಯಲ್ಲಿ. ಆದರೆ ಆ ನಗರದ ನಡುಭಾಗ ಬತ್ತಿಸಿದ ಸರೋವರದ ಕೆಸರಿನ ಮೇಲಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1906ರ ಹಾನಿಯ ನಕ್ಷೆ ಬರೆದವರು, ತುಂಬಿಸಿದ ಜವುಗು ನೆಲದಲ್ಲೇ ಕಟ್ಟಡಗಳು ಹೆಚ್ಚು ಬಿದ್ದದ್ದನ್ನು ಸ್ಪಷ್ಟವಾಗಿ ತೋರಿಸಿದ್ದರು. ಅದಾದ ಕೆಲವೇ ವರ್ಷಗಳಲ್ಲಿ, 1915ರ ವಸ್ತುಪ್ರದರ್ಶನಕ್ಕೆಂದು, ಅದೇ ಊರಿನ ಮರೀನಾ ಬಡಾವಣೆಯಲ್ಲಿ ಕೊಲ್ಲಿಯ ಅಂಚಿಗೆ ಮಣ್ಣು ತುಂಬಿಸಿದರು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಆ ಬಡಾವಣೆಯ ಕಟ್ಟಡಗಳು ಕುಸಿದವು. ನಕ್ಷೆ ಎಂಟು ದಶಕ ಮೊದಲೇ ಕೈಯಲ್ಲಿತ್ತು.

ಈ ಮಾತು ಓದುವಾಗ ಬೆಂಗಳೂರಿನವರಿಗೆ ಮೆಜೆಸ್ಟಿಕ್ ನೆನಪಾಗಬೇಕು. ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯದ್ದು. ಹೀಗೆ ಹೆಸರು ಕೂಡ ಮರೆತುಹೋದ ಎಷ್ಟೋ ಕೆರೆ, ಕುಂಟೆ, ರಾಜಕಾಲುವೆಗಳ ಮೇಲೆ ಬಹುಮಹಡಿ ಕಟ್ಟಡಗಳಿವೆ. 2002ರ ನಕ್ಷೆಯಲ್ಲಿ ಬೆಂಗಳೂರು ವಲಯ 2ರಲ್ಲಿದೆ, ಕೆಳಗೆ ಗಟ್ಟಿ ಬಂಡೆಯಿದೆ, ಅಪಾಯ ಕಡಿಮೆ ಎಂಬುದು ನಿಜ. ಆದರೆ ಭುಜ್ ಭೂಕಂಪದ ಮೂರೇ ದಿನಕ್ಕೆ, 2001ರ ಜನವರಿ 29ರಂದು, ಮಂಡ್ಯದ ಕಡೆ ಆದ ಸುಮಾರು 4.3 ಪ್ರಮಾಣದ ಕಂಪನ ಬೆಂಗಳೂರಿನವರನ್ನು ಮನೆಯಿಂದ ಹೊರಗೆ ಓಡಿಸಿತ್ತು. ಆ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ಜಿ. ಸೀತಾರಾಂ ಮತ್ತು ಪಿ. ಅನ್ಬಳಗನ್ ನೂರಾರು ಕೊರೆತಗಳ ಮಣ್ಣಿನ ಮಾಹಿತಿ ಸೇರಿಸಿ, ನಗರದ ಸುಮಾರು 220 ಚದರ ಕಿಲೊಮೀಟರಿಗೆ ಸೂಕ್ಷ್ಮ ಭೂಕಂಪ ನಕ್ಷೆ ಮಾಡಿದರು. ಯಾವ ಬಡಾವಣೆಯ ಕೆಳಗೆ ಎಷ್ಟು ಅಡಿ ಮಣ್ಣು, ಅದು ಅಲುಗಾಟವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂದು ಹೇಳುವ ನಕ್ಷೆ ಅದು. ನಗರ ಆಮೇಲೆ ಆ ಗಡಿಯನ್ನು ಮೀರಿ ಹಲವು ಪಟ್ಟು ಬೆಳೆದಿದೆ. ಇಂಥ ನಕ್ಷೆ ಕಲಬುರಗಿಗೆ, ವಿಜಯಪುರಕ್ಕೆ, ಮಂಗಳೂರಿಗೆ ಬೆಂಗಳೂರಿಗಿಂತ ಹೆಚ್ಚು ಬೇಕು. ಕರಾವಳಿ ಮತ್ತು ಉತ್ತರದ ಗಡಿಜಿಲ್ಲೆಗಳ ಹಲವು ಭಾಗಗಳು 2002ರ ನಕ್ಷೆಯಲ್ಲೇ ವಲಯ 3ರಲ್ಲಿವೆ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ದಿನ ಬಿಟ್ಟು ದಿನ ನೆಲದಡಿ ಗುಡುಗಿದಂತೆ ಸದ್ದಾಗುತ್ತಿತ್ತು. 11ರ ರಾತ್ರಿ 4.1 ಪ್ರಮಾಣದ ಕಂಪನವಾದ ಮೇಲೆ ಜನ ಮನೆಯೊಳಗೆ ಮಲಗಲು ಒಪ್ಪಲಿಲ್ಲ. ಬಯಲಲ್ಲಿ ಚಾಪೆ ಹಾಸಿದರು. ಹಲವರು ಊರನ್ನೇ ಬಿಟ್ಟರು. ಕಿಲ್ಲಾರಿಯನ್ನು ಕಂಡ ಸೀಮೆ ಅದು. ಅವರ ಹೆದರಿಕೆಯನ್ನು ಅತಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹೀಗೆ ಸಾಲಾಗಿ ಬರುವ ಸಣ್ಣ ಕಂಪನಗಳು ಬಹಳಷ್ಟು ಸಲ ತಾವಾಗಿಯೇ ಅಡಗುತ್ತವೆ. ಆದರೆ ಪ್ರತಿಯೊಂದರ ಜಾಗ, ಆಳ, ಹೊತ್ತು ದಾಖಲಾದರೆ ಮಾತ್ರ ನೆಲದಡಿಯ ಬಿರುಕು ಯಾವ ಕಡೆಗೆ ಹರಿದಿದೆ ಎಂದು ತಿಳಿಯುತ್ತದೆ. ಅಟ್ಲಾಂಟಿಕ್‌ನಲ್ಲಿ ಫಾಸ್ಟರ್ ಇಟ್ಟ ಚುಕ್ಕಿಗಳಿಗೂ ಚಿಂಚೋಳಿಯ ಚುಕ್ಕಿಗಳಿಗೂ ಕೆಲಸ ಒಂದೇ.

ಈಗ ಅಳತೆಗೆ ಸರಪಳಿ ಬೇಕಿಲ್ಲ. 2011ರಲ್ಲಿ ಜಪಾನಿನ ಓಶಿಕಾ ಪರ್ಯಾಯದ್ವೀಪ 5.3 ಮೀಟರ್ ಸರಿದು, 1.2 ಮೀಟರ್ ತಗ್ಗಿದ್ದನ್ನು ಉಪಗ್ರಹ ಸಂಕೇತ ಹಿಡಿಯುವ ಕಂಬಗಳು ಹೇಳಿದವು. ಟೋಕಿಯೊದಲ್ಲಿ ದೇಶದ ಎಲ್ಲ ನಕ್ಷೆಗಳಿಗೂ ಮೂಲವಾದ ಬಿಂದುವೇ ಸುಮಾರು 27.7 ಸೆಂಟಿಮೀಟರ್ ಪೂರ್ವಕ್ಕೆ ಸರಿದಿತ್ತು. ಸರ್ಕಾರ ಅದರ ಅಧಿಕೃತ ಅಂಕಿಯನ್ನೇ ತಿದ್ದಿತು. ನೇಪಾಳದ 2015ರ ಭೂಕಂಪದ ನಂತರ ಎವರೆಸ್ಟ್ ಎತ್ತರದ ಬಗ್ಗೆ ಎದ್ದ ಅನುಮಾನ 2020ರ ಡಿಸೆಂಬರಿನಲ್ಲಿ 8848.86 ಮೀಟರ್ ಎಂಬ ಹೊಸ ಅಳತೆಯಲ್ಲಿ ಕೊನೆಗೊಂಡಿತು. ಬೆಂಗಳೂರಿನಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅಂಥದೊಂದು ಜಿಪಿಎಸ್ ಕೇಂದ್ರವಿದೆ. ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಲೆಕ್ಕದಲ್ಲಿ ಅದು ಈಶಾನ್ಯಕ್ಕೆ ಚಲಿಸುತ್ತಿದೆ, ಊರಿನ ಸಮೇತ. ಲ್ಯಾಂಬ್ಟನ್ ಬಾಣಸವಾಡಿಯಲ್ಲಿ ಅಳತೆ ಮಾಡಿದಂದಿನಿಂದ ಬೆಂಗಳೂರು ಹತ್ತು ಮೀಟರಿಗೂ ಹೆಚ್ಚು ಸರಿದಿದೆ. ಎರಡೂ ತುದಿ ಒಟ್ಟಿಗೇ ಸರಿದದ್ದರಿಂದ ನಡುವಿನ ಉದ್ದ ಹಾಗೇ ಉಳಿದಿದೆ. ಈ ನೂಕು ಹೋಗಿ ಕೂಡಿಕೊಳ್ಳುವುದು ಹಿಮಾಲಯದ ಬುಡದಲ್ಲಿ, ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು. ಅಲ್ಲಿ ನೆಲ ಇನ್ನೂ ಬಗ್ಗುತ್ತಲೇ ಇದೆ.

ನಮ್ಮಲ್ಲಿ ನಿವೇಶನ ಕೊಳ್ಳುವವರು ಪಹಣಿ ನೋಡುತ್ತಾರೆ, ಖಾತೆ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ವಾಸ್ತು ಕೇಳುತ್ತಾರೆ. ಕೆಳಗಿನ ಮಣ್ಣು ಎಂಥದು ಎಂದು ಕೇಳುವವರು ಅಪರೂಪ. ಬಹುಮಹಡಿ ಕಟ್ಟುವವರು ಮಣ್ಣಿನ ಪರೀಕ್ಷೆ ಮಾಡಿಸಿರುತ್ತಾರೆ. ಫ್ಲ್ಯಾಟ್ ಕೊಳ್ಳುವವರು ಆ ವರದಿಯನ್ನು ಕೇಳಿ ಪಡೆಯಬೇಕು. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಹಳೆಯ ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಕೆರೆ, ಹಳ್ಳ, ಕಾಲುವೆಗಳ ಗುರುತು ಅವುಗಳಲ್ಲಿ ಇನ್ನೂ ಇದೆ. ಸರ್ವೆ ನಂಬರನ್ನು ಆ ನಕ್ಷೆಯ ಮೇಲಿಟ್ಟು ನೋಡಲು ಹತ್ತು ನಿಮಿಷ ಸಾಕು, ಮುಂಗಡ ಕೊಡುವ ಮುಂಚೆ.